ಆರದ ಒಲೆಗೆ ನೀರು ಹೊಯ್ದವನ ಮಗಳು

ಆಮಂತ್ರಣ ಪತ್ರಿಕೆ ಬಂದಾಗ ಚಂದ್ರಮತಿಯ ಬಲಗೈ ಮೊಣಕೈವರೆಗೂ ಉದ್ದಿನ ಹಿಟ್ಟಿನಲ್ಲಿತ್ತು. ಚೆನ್ನೈನ ಕೀಲ್ಪಾಕಿನ ಮೆಡಿಕಲ್ ಕಾಲೇಜಿನ ಹಿಂದಿನ ಗಲ್ಲಿಯಲ್ಲಿ ಇಪ್ಪತ್ತೆರಡು ವರ್ಷದಿಂದ ದೋಸೆಹಿಟ್ಟು ಮಾರುವ ಹೆಂಗಸು ಅವಳು. ಎಪ್ಪತ್ತು ತುಂಬಿದೆ, ಗಂಡ ಸತ್ತು ಒಂಬತ್ತು ವರ್ಷ, ಎರಡೂ ಮಂಡಿ ಹೋಗಿವೆ, ಬಾಯಿ ಮಾತ್ರ ಗಟ್ಟಿ. ಹಾಸ್ಟೆಲಿನ ಹುಡುಗರಿಗೂ ನರ್ಸುಗಳಿಗೂ ಅವಳು 'ಮಾವು ಪಾಟಿ', ಹಿಟ್ಟಿನಜ್ಜಿ. ಆ ಹೆಸರಿನ ಮೇಲೆ ಅವಳಿಗೆ ಯಾವ ತಕರಾರೂ ಇರಲಿಲ್ಲ.

ಲಕೋಟೆ ಒಡೆದವಳು ಮೊಮ್ಮಗಳು ಪ್ರಣಮ್ಯಾ. ಅವಳಿಗೆ ಕನ್ನಡ ಕಿವಿಗೆ ಹತ್ತುತ್ತದೆ, ಕಣ್ಣಿಗೆ ಹತ್ತುವುದಿಲ್ಲ. ಪತ್ರಿಕೆಯ ಒಂದು ಬದಿ ಕನ್ನಡ, ಇನ್ನೊಂದು ಬದಿ ತಮಿಳು. ತಮಿಳಿನದನ್ನು ಓದುತ್ತಾ ಹೋದವಳು ನಡುವೆ ಅಚ್ಚಾಗಿದ್ದ ಒಂದು ಹಳೆಯ ಫೋಟೊ ಕಂಡು ತಡೆದು ನಿಂತಳು.

"ಪಾಟಿ, ಇದು ಕೊಳ್ಳುತಾತ್ತಾ ತಾನೇ?"

ಮುತ್ತಜ್ಜನೇ, ಅನುಮಾನವಿರಲಿಲ್ಲ. ಕೈಕಟ್ಟಿ ನಿಂತ ಚಂದ್ರಮತಿಯ ಅಪ್ಪಯ್ಯ ಕಾಂತಪ್ಪ, ಬಲಗೈ ಮೇಲೆ ಮಣಿಕಟ್ಟಿನಿಂದ ಮೊಣಕೈತನಕ ಸುಟ್ಟ ಚರ್ಮದ ಸುಕ್ಕು. ಚಂದ್ರಮತಿ ಕೈ ತೊಳೆದು, ಕನ್ನಡಕ ಹಾಕಿ, ಕನ್ನಡದ ಬದಿಯನ್ನು ತಾನೇ ಓದಿದಳು. ಸೌಕಾರ್‌ಪೇಟೆಯ ಭಟ್ರ ಹೋಟೆಲಿಗೆ ಎಂಬತ್ತು ವರ್ಷ. ಎಂಬತ್ತು ವರ್ಷವೂ ಒಂದು ಗಳಿಗೆಯೂ ಆರದ ಒಲೆ. ಅದರ ಕಥೆಯನ್ನು ಹೇಳುವ ದೊಡ್ಡ ಫಲಕ ಗೋಡೆಗೆ ಏರಲಿದೆ. ಅದರಲ್ಲಿ ಒಂದು ಭಾಗ ನಿಷ್ಠಾವಂತ ಸೇವಕ ಕಾಂತಪ್ಪನದು: ಸಾವಿರದ ಒಂಬೈನೂರ ಐವತ್ತೇಳರಲ್ಲಿ ಕೆಲಸಗಾರರೆಲ್ಲ ಯಾರದೋ ಮಾತು ಕೇಳಿ ಮುಷ್ಕರ ಹೂಡಿ ಹೊರಗೆ ಹೋದಾಗ, ಒಬ್ಬನೇ ಉಳಿದು, ಬರಿಗೈಯಲ್ಲಿ ಕೆಂಡ ಕೂಡಿಸಿ, ಒಲೆ ಕಾಯ್ದವನು. ಸಮಾರಂಭದಂದು ಆತನ ಮಗಳಿಗೆ ಶಾಲು ಮತ್ತು ಬೆಳ್ಳಿಯ ದೀಪ.

ಆ ಫೋಟೊವನ್ನು ಕೊಟ್ಟವಳು ಅವಳೇ. ಅಪ್ಪಯ್ಯನದು ಅಂತ ಇದ್ದದ್ದು ಅದೊಂದೇ. ಮೂರು ವಾರದ ಹಿಂದೆ ಹೋಟೆಲಿನ ಈಗಿನ ಯಜಮಾನ ಮಧುಸೂದನ ಭಟ್ಟ ಕಾರಿನಲ್ಲಿ ಬಂದು, ಇದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಎರಡು ದೋಸೆ ತಿಂದು, ಹಳಬರ ಫೋಟೊ ಕೂಡಿಸುತ್ತಿದ್ದೇನೆ ಅಂದಿದ್ದ. ಅವಳು ಅಪ್ಪಯ್ಯನ ಕಥೆಯನ್ನು ಮೊದಲಿಂದ ಕೊನೆವರೆಗೂ ಹೇಳಿದ್ದಳು. ಅವನು ತಲೆಯಾಡಿಸುತ್ತಾ ಹೌದಾ, ಹೌದಾ ಅಂದಿದ್ದ. ತಲೆಯಾಡಿಸಿದ್ದು ದೋಸೆಗೆ ಅಂತ ಅವಳಿಗೆ ಗೊತ್ತಾದದ್ದು ಈಗ.

ಭಟ್ರ ಮನೆಯ ಕಥೆ ಸೌಕಾರ್‌ಪೇಟೆಗೆಲ್ಲ ಗೊತ್ತಿದ್ದದ್ದೇ. ಮಧುಸೂದನನ ಅಜ್ಜ, ದೊಡ್ಡ ಭಟ್ರು, ಊರ ದೇವಸ್ಥಾನದ ಒಲೆಯಿಂದ ಕೆಂಡ ತೆಗೆದು, ಮಣ್ಣಿನ ಗಡಿಗೆಯಲ್ಲಿ ಬೂದಿ ಮುಚ್ಚಿ, ಬಸ್ಸು ರೈಲು ಹತ್ತಿ ಮದರಾಸಿಗೆ ತಂದರಂತೆ. ದಾರಿಯುದ್ದಕ್ಕೂ ತೆಂಗಿನ ಚಿಪ್ಪು ತಿನ್ನಿಸುತ್ತಾ ಬಂದರಂತೆ. ಬೆಂಕಿ ಒಯ್ಯಬಾರದು ಅಂತ ಅಡ್ಡ ಹಾಕಿದ ರೈಲ್ವೆ ಗಾರ್ಡಿಗೆ ಆ ಕ್ಷಣವೇ ಕಣ್ಣುರಿ ಹತ್ತಿತಂತೆ. ದೊಡ್ಡ ಭಟ್ರು ಹೇಳುವಾಗ ಒಬ್ಬ ಗಾರ್ಡು ಇದ್ದ, ಮಗನ ಕಾಲಕ್ಕೆ ಇಬ್ಬರಾದರು, ಮೊಮ್ಮಗ ಮಧುಸೂದನನ ಬಾಯಲ್ಲಿ ಒಬ್ಬ ಬಿಳಿ ದೊರೆಯೂ ಸೇರಿಕೊಂಡು ಕಡೆಗೆ ಕ್ಷಮೆ ಕೇಳಿದ.

ಕಾಂತಪ್ಪನ ಮನೆಯ ಕಥೆಯಲ್ಲಿ ದೇವರು ಗಾರ್ಡು ಯಾರೂ ಇಲ್ಲ. ಒಂದು ಗೋಡೆ ಇದೆ. ಆ ಒಲೆಯ ಬಾಯಿ ಹಿತ್ತಲಿಗೆ ತೆರೆದಿತ್ತು. ಅಡುಗೆ ಮಾಡುವವರು ಒಳಗೆ, ಸೌದೆ ನೂಕುವವನು ಹೊರಗೆ. ಕುಂದಾಪುರದ ಕಡೆಯಿಂದ ಹದಿನಾಲ್ಕನೇ ವಯಸ್ಸಿಗೆ ಬಂದ ಕಾಂತಪ್ಪ ಹನ್ನೊಂದು ವರ್ಷ ಹೊರಗೆ ಕುಕ್ಕುರುಗಾಲಲ್ಲಿ ಕೂತು ಆ ಬಾಯಿಗೆ ಸೌದೆ ನೂಕಿದ. ಅವನ ಜಾತಿಯವರು ಅಡುಗೆಮನೆಗೆ ಕಾಲಿಡುವಂತಿರಲಿಲ್ಲ. ತಾನು ಉರಿಸಿದ ಬೆಂಕಿಯ ಮೇಲೆ ಏನು ಬೇಯುತ್ತದೆ ಅಂತ ಅವನಿಗೆ ವಾಸನೆಯಿಂದ ಗೊತ್ತಾಗಬೇಕಿತ್ತು.

ಐವತ್ತೇಳರಲ್ಲಿ ಕೆಲಸದ ಹುಡುಗರು ವಾರಕ್ಕೊಂದು ರಜೆ ಕೇಳಿದರು. ಮಲಗುವುದಕ್ಕೆ ಎಂಜಲು ನೆಲ ಬಿಟ್ಟು ಬೇರೆ ಜಾಗ ಕೇಳಿದರು. ದೊಡ್ಡ ಭಟ್ರು ಒಲೆ ತೋರಿಸಿ, ಇದಕ್ಕೆ ರಜೆ ಇಲ್ಲ, ನಿಮಗೆ ಎಂಥದು ಅಂದರು. ಮಾರನೆಯ ದಿನ ಬೆಳಿಗ್ಗೆ ಕಾಂತಪ್ಪ ಹಿತ್ತಲಿಂದೆದ್ದು ಅಡುಗೆಮನೆಯ ಬಾಗಿಲಿಂದ ಒಳಗೆ ಹೋದ. ಭಟ್ರು ಮಡಿಯಲ್ಲಿ ತುಂಬಿಸಿಟ್ಟಿದ್ದ ಕೊಡ ಎತ್ತಿ ಒಲೆಗೆ ಹೊಯ್ದ. ಎದ್ದ ಹಬೆ ಅವನ ಬಲಗೈಯ ಚರ್ಮವನ್ನು ಸುಲಿಯಿತು. ಅದೇ ಕೈ ಹಿಡಿದುಕೊಂಡು ಗಿರಾಕಿಗಳ ನಡುವೆ ನಡೆದು, ಹನ್ನೊಂದು ವರ್ಷದಲ್ಲಿ ಮೊದಲ ಸಲ ಮುಂಬಾಗಿಲಿಂದ ಹೊರಬಂದ. ಬಾಗಿಲ ಪಕ್ಕ 'ಇವತ್ತಿನ ವಿಶೇಷ' ಅಂತ ಬರೆಯುವ ಕಪ್ಪು ಹಲಗೆ ಇತ್ತು. ಅವನಿಗೆ ಅಕ್ಷರ ಬರುತ್ತಿರಲಿಲ್ಲ. ಎಡಗೈಯಿಂದ ಒರೆಸಿ ಹಾಕಿದ.

ಮುಷ್ಕರ ಹದಿನೇಳು ದಿನ ನಡೆಯಿತು. ಎಲ್ಲರಿಗೂ ವಾರಕ್ಕೆ ಅರ್ಧ ದಿನ ರಜೆ ಸಿಕ್ಕಿತು. ಕಾಂತಪ್ಪನೊಬ್ಬನಿಗೆ ಪೂರ್ತಿ ರಜೆ. ಆಮೇಲೆ ಅವನು ವಡಪಳನಿಯ ಒಂದು ಸಿನಿಮಾ ಸ್ಟುಡಿಯೊ ಕ್ಯಾಂಟೀನಿಗೆ ಸೇರಿ, ಊರಿಂದ ಹೆಂಡತಿಯನ್ನೂ ಎರಡು ವರ್ಷದ ಚಂದ್ರಮತಿಯನ್ನೂ ಕರೆಸಿಕೊಂಡ. ಅಲ್ಲಿ ಅವನೇ ಅಡುಗೆಯವನು. ರಾಜನ ವೇಷದವರೂ ಭಟನ ವೇಷದವರೂ ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ನಿಲ್ಲುತ್ತಿದ್ದರು.

ಕಥೆ ಹೇಳುವಾಗಲೆಲ್ಲ ಅಪ್ಪಯ್ಯನ ಲೆಕ್ಕ ತಪ್ಪುತ್ತಿತ್ತು. ಒಮ್ಮೆ ಒಂದು ಕೊಡ, ಒಮ್ಮೆ ಮೂರು. ಕುಡಿದ ದಿನ ಇಡೀ ಹಂಡೆ. ಅದನ್ನೇ ಹಿಡಿದು ಪ್ರಣಮ್ಯಾ ಕೇಳಿದಳು, ನೀನೇನು ಕಣ್ಣಾರೆ ಕಂಡಿದ್ದೀಯಾ, ಅವರ ತಾತನದು ಸುಳ್ಳಾದರೆ ನಮ್ಮ ತಾತನದು ಮಾತ್ರ ನಿಜ ಹೇಗೆ?

ಚಂದ್ರಮತಿಗೆ ಸಿಟ್ಟು ಬಂತು. ಮುಷ್ಕರದ ಹೊತ್ತಿಗೆ ಅವಳು ಊರಲ್ಲಿ ಅಂಬೆಗಾಲು ಬಿಟ್ಟು ಏಳುತ್ತಿದ್ದ ಕೂಸು. ಇದ್ದದ್ದು ಎರಡು ಕಥೆ, ಒಂದು ಸುಟ್ಟ ಕೈ. ಆ ಕೈ ಎರಡು ಕಥೆಗೂ ಒಪ್ಪುತ್ತಿತ್ತು.

"ವಿಡು ಪಾಟಿ," ಅಂದಳು ಪ್ರಣಮ್ಯಾ. "ಶಾಲು ಕೊಡುತ್ತಾರೆ, ತಗೊಂಡು ಬಾ. ಬೋರ್ಡ್ ಎಲ್ಲ ಯಾರು ಓದುತ್ತಾರೆ?"

"ಓದುವವರಿದ್ದಾರೆ," ಅಂದಳು ಚಂದ್ರಮತಿ. ಆ ಹದಿನೇಳು ದಿನ ಬೀದಿಯಲ್ಲಿ ಕೂತವರ ಮಕ್ಕಳು ಮೊಮ್ಮಕ್ಕಳು ವಡಪಳನಿಯಲ್ಲಿ, ಪೆರಂಬೂರಿನಲ್ಲಿ ಇನ್ನೂ ಇದ್ದಾರೆ. ಮದುವೆಮನೆಗಳಲ್ಲಿ ಸಿಗುತ್ತಾರೆ. ಕಾಂತಪ್ಪನ ಮಗಳು ಅಂತ ಹತ್ತಿರ ಜಾಗ ಮಾಡಿ ಕೂರಿಸಿಕೊಳ್ಳುತ್ತಾರೆ. ಆ ಜಾಗ ಅಪ್ಪಯ್ಯ ಬಿಟ್ಟುಹೋದ ಒಂದೇ ಆಸ್ತಿ. ಅದನ್ನು ಒಂದು ಶಾಲಿಗೆ ಕೊಟ್ಟು ಬರುವ ಹೆಂಗಸಲ್ಲ ಅವಳು.

ಮಾರನೆಯ ದಿನ ಅವಳು ಆಟೊ ಹಿಡಿದು ಸೌಕಾರ್‌ಪೇಟೆಗೆ ಹೋದಳು. ಬೆಳಗಿನ ತಿಂಡಿಯ ನೂಕುನುಗ್ಗಲು ಮುಗಿದ ಹೊತ್ತು. ಗಲ್ಲಾದ ಪಕ್ಕ ಕುರ್ಚಿ ಹಾಕಿಕೊಂಡು ಮಧುಸೂದನನ ತಾಯಿ ಊರ್ಮಿಳಮ್ಮ ಒದ್ದೆ ಬಟ್ಟೆಯಿಂದ ಬಾಳೆಲೆ ಒರೆಸುತ್ತಿದ್ದರು. ಎಂಬತ್ತೈದು ವಯಸ್ಸು. ಸೊಸೆಯಾಗಿ ಬಂದಾಗಿನಿಂದ ಅದೇ ಕೆಲಸ. ಬೇಡ ಅಂದರೂ ಕೇಳುವುದಿಲ್ಲವಂತೆ. ಚಂದ್ರಮತಿಯನ್ನು ಒಮ್ಮೆ ನೋಡಿ, ತಲೆ ತಗ್ಗಿಸಿ, ಮುಂದಿನ ಎಲೆ ಎತ್ತಿಕೊಂಡರು.

ಮಧುಸೂದನ ಕಾಫಿ ತರಿಸಿದ. ಒಳ್ಳೆಯ ಮಾತಿನ ಮನುಷ್ಯ, ಐವತ್ತು ದಾಟಿದವನು, ಯಾರ ಮೇಲೂ ದನಿ ಏರಿಸಿದ್ದನ್ನು ಯಾರೂ ಕೇಳಿಲ್ಲ. ಅಂಥವರ ಜೊತೆ ಜಗಳ ಆಡುವುದೇ ಕಷ್ಟ.

"ಚಂದ್ರಮತಕ್ಕ, ನಮ್ಮನೇಲಿ ಹೀಗೇ ಹೇಳ್ಕೊಂಡು ಬಂದದ್ದು. ನಿಮ್ಮ ಅಪ್ಪಯ್ಯನಿಗೆ ದೊಡ್ಡ ಮರ್ಯಾದೆ ಅಲ್ವಾ ಇದು?"

"ಎಂತ ಮರ್ಯಾದೆ ಭಟ್ರೆ? ಬೀದಿಲಿ ಕೂತವರನ್ನ ಬಿಟ್ಟು ಒಳಗೆ ಕೂತವ ಅಂತ ಬರ್ದಿರಿ. ಅಂಥವನಿಗೆ ಈ ಊರಲ್ಲಿ ಒಂದು ಹೆಸರಿತ್ತ್, ನಿಮಗೂ ಗೊತ್ತಿತ್ತ್. ಕರಿಂಗಾಲಿ."

ಮುಷ್ಕರ ಮುರಿಯುವವನಿಗೆ ಮದರಾಸಿನ ಕಾರ್ಮಿಕರು ಕೊಟ್ಟ ಬೈಗುಳ ಅದು. ಪಕ್ಕದ ಮೇಜಿನವರು ತಿರುಗಿ ನೋಡಿದರು. ಮಧುಸೂದನ ನಗುತ್ತಲೇ ಎದ್ದು, ಒಲೆ ತೋರಿಸ್ತೇನೆ ಬನ್ನಿ ಅಂದ. ಎಪ್ಪತ್ತು ವರ್ಷದಲ್ಲಿ ಚಂದ್ರಮತಿ ಆ ಅಡುಗೆಮನೆಗೆ ಕಾಲಿಟ್ಟದ್ದು ಅದೇ ಮೊದಲು.

ಒಲೆ ಮೂಲೆಯಲ್ಲಿತ್ತು, ಸುತ್ತ ಹಿತ್ತಾಳೆಯ ಕಟಕಟೆ. ಅಡುಗೆಯೆಲ್ಲ ಗ್ಯಾಸಿಗೆ ಬಂದು ಮೂವತ್ತೈದು ವರ್ಷವಾಗಿತ್ತು. ಇದರೊಳಗೆ ಒಂದು ಸಣ್ಣ ಬರ್ನರು ಉರಿಯುತ್ತಿತ್ತು. ಹಿತ್ತಲಿನ ಬಾಯಿಗೆ ಸಿಮೆಂಟು ಮೆತ್ತಿದ್ದರು. ಮೇಲಿನ ಕರಿಕಲ್ಲಿನ ಹಾಸನ್ನು ಅಡ್ಡಡ್ಡ ಸೀಳಿಕೊಂಡು ಒಂದು ಬಿರುಕು ಹೋಗಿತ್ತು. ಬಿರುಕಿನ ಉದ್ದಕ್ಕೂ ಕುಂಕುಮ, ಗಂಧ, ಆ ದಿನದ ಹೂವು.

ಅದು ಲಕ್ಷ್ಮಿಯ ಹೆಜ್ಜೆ, ಮಧುಸೂದನ ದನಿ ತಗ್ಗಿಸಿ ಹೇಳಿದ. ಮುಷ್ಕರದ ದಿನಗಳಲ್ಲಿ ತಾಯಿಯೇ ಬಂದು ಈ ಕಲ್ಲಿನ ಮೇಲೆ ಕಾಲಿಟ್ಟು ನಿಂತಳು. ಅಂದಿನಿಂದ ಪ್ರತಿ ಶುಕ್ರವಾರ ಪೂಜೆ.

ಚಂದ್ರಮತಿ ಬಗ್ಗಿ ನೋಡಿದಳು. ಬೆರಳಿನಿಂದ ಕುಂಕುಮ ಸರಿಸಿದಳು. ಐವತ್ತು ವರ್ಷ ಒಲೆಯ ಮುಂದೆ ಕಳೆದವಳು ಅವಳು. ಕಾದ ಕಲ್ಲಿನ ಮೇಲೆ ತಣ್ಣೀರು ಬಿದ್ದರೆ ಕಲ್ಲು ಏನಾಗುತ್ತದೆ ಅಂತ ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅಡುಗೆಯವರು ನಿಲ್ಲುವ ಕಡೆ ಅಗಲ, ಹಿತ್ತಲ ಕಡೆ ಹೋಗುತ್ತಾ ಕೂದಲೆಳೆ. ನೀರು ಬಿದ್ದ ಕಡೆಯಿಂದ ಸೀಳಿದ ಕಲ್ಲು.

ಅವಳಿಗೆ ನಗು ಬಂತು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಿಂದ. ಸೆರಗು ಬಾಯಿಗೆ ಹಿಡಿದರೂ ನಿಲ್ಲಲಿಲ್ಲ. ಅಪ್ಪಯ್ಯ ಹೊಯ್ದ ನೀರಿಗೆ ಈ ಜನ ಅರವತ್ತೆಂಟು ವರ್ಷದಿಂದ ಕುಂಕುಮ ಹಚ್ಚುತ್ತಿದ್ದರು.

ಅವಳ ನಗು ಕೇಳಿ ದೋಸೆಕಲ್ಲಿನ ಮುಂದಿದ್ದ ಅಡುಗೆಯವನು, ಸಂದೇಶ, ಹತ್ತಿರ ಬಂದ. ಅವನೂ ಕುಂದಾಪುರದ ಕಡೆಯವನೇ, ಮೂವತ್ತರ ಆಳು. ಮಧುಸೂದನ ಫೋನು ಬಂತೆಂದು ಅತ್ತ ತಿರುಗಿದ್ದ. ಚಂದ್ರಮತಿ ಬರ್ನರಿನ ಕಡೆ ಕೈ ತೋರಿಸಿ, ಇದು ಯಾವತ್ತೂ ಆರಲೇ ಇಲ್ಲವಾ ಅಂತ ಕೇಳಿದಳು.

"ಸಿಲಿಂಡರ್ ಮುಗಿದಾಗೆಲ್ಲ ಆರ್ತಿತ್ತ್ ಅಕ್ಕ," ಅಂದ ಸಂದೇಶ, ಜೇಬಿನಿಂದ ಲೈಟರ್ ಅರ್ಧ ಎಳೆದು ತೋರಿಸಿ. "ಲಕ್ಷ್ಮಿ ಇಲ್ಲಿದ್ದಾಳೆ."

ಹೊರಗೆ ಬಂದ ಮೇಲೆ ಚಂದ್ರಮತಿ ಕಲ್ಲಿನ ವಿಷಯ ಹೇಳಿದಳು. ಮಧುಸೂದನನಿಗೆ ತಿಳಿಯಲಿಲ್ಲವೆಂದಲ್ಲ, ಹೋಟೆಲಿನವನ ಮಗ, ಕಲ್ಲು ಬೆಂಕಿ ಎರಡೂ ಬಲ್ಲವನು. ಒಂದು ಕೆಲಸ ಮಾಡುವಾ, ನಿಮ್ಮ ಅಪ್ಪಯ್ಯನ ಹೆಸರೇ ತೆಗೆಸ್ತೇನೆ ಅಂದ. ಫೋಟೊನೂ ಬೇಡ, ಹೆಸರೂ ಬೇಡ. ಯಾರಿಗೂ ಬೇಜಾರಿಲ್ಲ. ಶಾಲು ನಿಮಗೆ ಇದ್ದೇ ಇದೆ.

"ಸುಳ್ಳು ಬರ್ದದ್ದಕ್ಕೆ ಸಿಟ್ಟು ಬಂತ್," ಅಂದಳು ಅವಳು. "ಈಗ ಅಳಿಸ್ತೆ ಅಂತ್ರಿ. ಅಂವ ಹನ್ನೊಂದು ವರ್ಷ ನಿಮ್ಮ ಗೋಡೆಯ ಹೊರಗೆ ಕೂತಿದ್ದ ಭಟ್ರೆ. ಇನ್ನೂ ಹೊರಗೇ ಇರ್ಲಿ ಅಂತ್ರ್ಯಾ? ಏನು ಮಾಡಿದ್ನೋ ಅದನ್ನ ಬರೀರಿ."

ಅದು ಆಗುವ ಮಾತಲ್ಲ ಅಂದ ಮಧುಸೂದನ. ಒಲೆ ಆರಿತ್ತು ಅಂತ ಬರೆದರೆ ಎಂಬತ್ತು ವರ್ಷದ ಹೆಸರು ಎಲ್ಲಿ ಉಳಿಯಿತು? ಅದೂ ದಿಟವೇ. ದೊಡ್ಡ ಭಟ್ರಿಗೂ ಅಂದು ಇದೇ ಕಷ್ಟ ಬಂದಿರಬೇಕು. ಸುಟ್ಟ ಕೈಯನ್ನು ಬೀದಿಯೆಲ್ಲ ನೋಡಿತ್ತು, ಆ ಕೈಗೆ ಒಂದು ಕಾರಣ ಹೊಂದಿಸಬೇಕಿತ್ತು, ಹೊಂದಿಸಿದರು. ಕಾಂತಪ್ಪ ಎದುರು ಮಾತಾಡಲು ಅಲ್ಲಿರಲಿಲ್ಲ.

ಫೋಟೊ ವಾಪಸ್ ಕೊಡಿ ಅಂದಳು. ಅದು ಪ್ರಿಂಟಿನವನ ಹತ್ತಿರ ಇದೆ, ಸಮಾರಂಭ ಮುಗಿಯಲಿ ಅಂದ.

ಹೊರಡುವಾಗ ಚಂದ್ರಮತಿ ಊರ್ಮಿಳಮ್ಮನ ಕುರ್ಚಿಯ ಮುಂದೆ ನಿಂತಳು. ನೀವು ಆ ವರ್ಷ ಮದುವೆಯಾಗಿ ಬಂದವರಂತಲ್ಲ ಅಮ್ಮಾ, ಅಂದು ಇಲ್ಲಿದ್ದಿರಾ, ಅಂತ ನೇರ ಕೇಳಿದಳು. ಮುದುಕಿ ಎಲೆ ಒರೆಸುವುದು ನಿಲ್ಲಿಸಲಿಲ್ಲ.

"ಮೇಲಿನ ಕೋಣೇಲಿದ್ದೆ. ನೋಡಲಿಲ್ಲ, ಕೇಳಿದೆ. ಬಂದೂಕು ಹೊಡೆದ ಹಾಗೆ ಸದ್ದಾಯ್ತು. ಆಮೇಲೆ ಮನೆ ತುಂಬ ಒದ್ದೆ ಬೂದಿಯ ವಾಸನೆ, ಎರಡು ದಿನ."

ಆ ಎರಡು ದಿನ ಅಡುಗೆ ಹೇಗೆ ಮಾಡಿದಿರಿ ಅಂತ ಕೇಳಿದಳು ಚಂದ್ರಮತಿ.

"ಅವಲಕ್ಕಿ," ಅಂದರು ಊರ್ಮಿಳಮ್ಮ. ಇನ್ನೊಂದು ಎಲೆ ಎತ್ತಿಕೊಂಡು, ದನಿ ಇಳಿಸಿ, ನಾನು ಈ ಮನೆಯಲ್ಲಿ ಸಾಯಬೇಕಾದವಳು, ನನ್ನನ್ನು ಸಾಕ್ಷಿಗೆ ಕರೀಬೇಡ ಅಂದರು.

ಕರೆಯುವುದಿಲ್ಲ ಅಂತ ಮಾತು ಕೊಟ್ಟಳು ಚಂದ್ರಮತಿ. ಅವಳಿಗೆ ಬೇಕಾದದ್ದು ಸಿಕ್ಕಿತ್ತು. ಮನೆಗೆ ಬಂದು ಪ್ರಣಮ್ಯಾಳಿಗೆ ಕಲ್ಲು, ಸದ್ದು, ಅವಲಕ್ಕಿ ಮೂರನ್ನೂ ಹೇಳಿದಳು. ಹುಡುಗಿ ಬಾಯಿ ತೆರೆದು ಕೇಳಿ, ಹಾಗಾದರೆ ಎಷ್ಟು ಕೊಡ ಅಂದಳು. ಕಲ್ಲು ಸೀಳುವಷ್ಟು, ಅಂದಳು ಅಜ್ಜಿ.

ಸಮಾರಂಭದ ದಿನ ಬೆಳಿಗ್ಗೆ ಆರೂವರೆಗೆ ಇಬ್ಬರೂ ಹೋಟೆಲಿನ ಮುಂದೆ ಇಳಿದರು. ಬಾಗಿಲಿಗೆ ಬಾಳೆಕಂದು ಕಟ್ಟಿತ್ತು, ನಾದಸ್ವರದವರು ಇನ್ನೂ ಕಾಫಿ ಕುಡಿಯುತ್ತಿದ್ದರು. ಒಳಗೆ ಗೋಡೆಯ ಮೇಲೆ ಫಲಕಕ್ಕೆ ಕೆಂಪು ರೇಷ್ಮೆ ಹೊದಿಸಿತ್ತು. ಊರ್ಮಿಳಮ್ಮ ಹೊಸ ಸೀರೆಯುಟ್ಟು, ಮಡಿಲಲ್ಲಿ ಎಲೆ ಇಟ್ಟುಕೊಂಡು ತಮ್ಮ ಜಾಗದಲ್ಲೇ ಇದ್ದರು. ಯೂಟ್ಯೂಬಿಗೆ ಹೋಟೆಲ್‌ಗಳ ವಿಡಿಯೊ ಮಾಡುವ ಒಬ್ಬ ದಪ್ಪ ಮನುಷ್ಯ ಕ್ಯಾಮೆರಾ ಸರಿಮಾಡುತ್ತಿದ್ದ. ಬಾಗಿಲ ಪಕ್ಕದ ಕಪ್ಪು ಹಲಗೆಯಲ್ಲಿ 'ಇವತ್ತಿನ ವಿಶೇಷ' ಎಂದಷ್ಟೇ ಬರೆದು ಬಿಟ್ಟಿತ್ತು. ಸಂದೇಶ ಏನೇನು ಮಾಡುತ್ತಾನೋ ನೋಡಿ ಆಮೇಲೆ ಬರೆಯುವುದು ವಾಡಿಕೆ.

ಚಂದ್ರಮತಿ ಒಳಗೆ ಹೋಗಲಿಲ್ಲ. ಹಲಗೆಯ ಕೆಳಗಿನ ಡಬ್ಬಿಯಿಂದ ಚಾಕ್‌ಪೀಸು ತೆಗೆದು ಮೊದಲು ತಮಿಳಿನಲ್ಲಿ ಬರೆದಳು, ಓದುವವರು ಬಹುಪಾಲು ತಮಿಳರೇ ತಾನೆ. ಕಾರ್ಪೊರೇಷನ್ ಶಾಲೆಯಲ್ಲಿ ಕಲಿತ ದುಂಡನೆಯ ಅಕ್ಷರ. ಒಂದು ಸಾಲು ಓರೆಯಾಯಿತು, ಅಳಿಸಿ ತಿದ್ದಿದಳು. ಅದರ ಕೆಳಗೆ ಕನ್ನಡದಲ್ಲಿ:

'1957ರಲ್ಲಿ ಈ ಒಲೆಗೆ ನೀರು ಹೊಯ್ದವನು ಕಾಂತಪ್ಪ. ಒಳಗೆ ಬರಬಾರದು ಅಂದಿದ್ದರು, ಬಂದು ಹೊಯ್ದ. ಕಲ್ಲಿನ ಬಿರುಕು ಅವನದು. ಬರೆದದ್ದು ಅವನ ಮಗಳು.'

ಮೊದಲು ಓದಿದವರು ಮೂಟೆ ಹೊರುವ ಇಬ್ಬರು. ಒಬ್ಬ ಜೋರಾಗಿ ಓದಿದ, ಇನ್ನೊಬ್ಬ ಕೇಳಿದ. ಬಟ್ಟೆ ಅಂಗಡಿಯ ಮಾರವಾಡಿ ಯಜಮಾನ ಓದಿಸಿಕೊಂಡು, ಯಾರು ಈ ಕಾಂತಪ್ಪ ಅಂದ. ಪ್ರಣಮ್ಯಾ ಮುಂದೆ ಬಂದು, ನಮ್ಮ ಕೊಳ್ಳುತಾತ್ತಾ, ಅಂದಳು. ಅಲ್ಲಿಂದ ಕಥೆ ಹೇಳಿದವಳು ಅವಳೇ, ತಮಿಳಿನಲ್ಲಿ, ಗೋಡೆಯಿಂದ ಶುರುಮಾಡಿ. ಹಬೆ ಎದ್ದಲ್ಲಿಗೆ ಬಂದಾಗ ತನ್ನ ಬಲಗೈ ಚಾಚಿ ತೋರಿಸಿದಳು. ಕೊಡ ಎರಡು ಅಂದಳು. ಚಂದ್ರಮತಿ ತಿದ್ದಲು ಹೋಗಲಿಲ್ಲ. ಕ್ಯಾಮೆರಾದವನು ರೇಷ್ಮೆ ಹೊದಿಸಿದ ಫಲಕ ಬಿಟ್ಟು ಇತ್ತ ಬಂದ.

ಆಗ ಮಧುಸೂದನ ಹೊರಗೆ ಬಂದ. ಓದಿದ. ಅವನ ದನಿ ಆಗಲೂ ಏರಲಿಲ್ಲ. ಒಂದು ಒದ್ದೆ ಬಟ್ಟೆ ತಗೊಂಡು ಬಾ ಅಂತ ಸಂದೇಶನಿಗೆ ಹೇಳಿದ. ಸಂದೇಶ ಆಯ್ತು ಅಂತ ಒಳಗೆ ಹೋದ. ಹೋದವನು ಬರಲಿಲ್ಲ. ಇನ್ನೊಮ್ಮೆ ಕೂಗಿದ್ದಕ್ಕೆ ಒಳಗಿನಿಂದ, ದೋಸೆ ಹೊಯ್ತಾ ಇದ್ದೆ ಸಾರ್, ಸೀದ್ಹೋತ್ತ್, ಅನ್ನುವ ದನಿ ಮಾತ್ರ ಬಂತು.

ಮಧುಸೂದನ ತಾಯಿಯ ಕಡೆ ಕೈ ಚಾಚಿದ. ಅವರ ಕೈಯಲ್ಲೇ ಇತ್ತಲ್ಲ, ಒದ್ದೆ ಬಟ್ಟೆ.

ಊರ್ಮಿಳಮ್ಮ ಅದನ್ನು ನಿಧಾನವಾಗಿ ನಾಲ್ಕು ಮಡಿಕೆ ಮಾಡಿದರು. ತೊಡೆಯ ಕೆಳಗೆ ಇಟ್ಟು ಅದರ ಮೇಲೆ ಸರಿದು ಕೂತರು. ಹೊಸ ಸೀರೆ ಒದ್ದೆಯಾಯಿತು.

"ಇದು ಎಲೆ ಒರೆಸುವ ಬಟ್ಟೆ ಮಧೂ. ಬೇರೆ ಏನೂ ಒರೆಸೂದಿಲ್ಲ."

ಮಗ ತಾಯಿಯನ್ನು ನೋಡಿದ. ತಾಯಿ ಎಲೆಯನ್ನು ನೋಡುತ್ತಿದ್ದರು. ಇಪ್ಪತ್ತು ಜನ ಹಲಗೆಯ ಮುಂದೆ ನಿಂತಿದ್ದರು, ಹಿಂದಿನವರಿಗೆ ಮುಂದಿನವರು ಹೇಳುತ್ತಿದ್ದರು, ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು. ಒಳಗೆ ರೇಷ್ಮೆ ಎಳೆದರೆ ಆ ಗೋಡೆಯ ಮಾತನ್ನೂ ಈ ಹಲಗೆಯ ಮಾತನ್ನೂ ಜನ ಒಟ್ಟಿಗೇ ಓದುತ್ತಾರೆ, ಓದಿ ಒಲೆ ನೋಡಲು ಹೋಗುತ್ತಾರೆ, ಬಗ್ಗಿ ಬಿರುಕು ನೋಡುತ್ತಾರೆ. ಮಧುಸೂದನ ಅಂಗಿಯ ತೋಳಿನಿಂದಲೇ ಒರೆಸಬಹುದಿತ್ತು. ಬಿಳಿ ರೇಷ್ಮೆಯ ಅಂಗಿ. ನಾದಸ್ವರದವರಿಗೆ ಶುರುಮಾಡಿ ಎಂದು ಹೇಳಿ ಒಳಗೆ ಹೋದ.

ಆ ದಿನ ಪೂಜೆಯಾಯಿತು, ಊಟವಾಯಿತು. ಫಲಕದ ಮೇಲಿನ ರೇಷ್ಮೆಯನ್ನು ಯಾರೂ ಎಳೆಯಲಿಲ್ಲ. ಶಾಲಿಗೆಂದು ಚಂದ್ರಮತಿಯನ್ನು ಯಾರೂ ಕರೆಯಲಿಲ್ಲ. ಕರೆದಿದ್ದರೂ ಆ ಹೊತ್ತಿಗೆ ಅವಳು ಕೀಲ್ಪಾಕಿನಲ್ಲಿ ಗ್ರೈಂಡರಿಗೆ ಅಕ್ಕಿ ಹಾಕುತ್ತಿದ್ದಳು. ಸಂಜೆಯ ಹಿಟ್ಟು ತಡವಾಗಿತ್ತು, ಹಾಸ್ಟೆಲಿನವರು ಆಗಲೇ ಎರಡು ಸಲ ಬಂದು ಹೋಗಿದ್ದರು.

ಫೋಟೊವನ್ನು ಮಾರನೆಯ ದಿನ ಸಂದೇಶ ತಂದುಕೊಟ್ಟ, ಪೇಪರಿನಲ್ಲಿ ಸುತ್ತಿ. ಫಲಕ ಇನ್ನೂ ಅಲ್ಲೇ ಇದೆಯಂತೆ, ರೇಷ್ಮೆಯ ಒಳಗೆ. ಅದೇನೆಂದು ಹೊಸ ಗಿರಾಕಿಗಳು ಕೇಳಿದರೆ ಭಟ್ರು ರಿಪೇರಿ ಅನ್ನುತ್ತಾರಂತೆ. ಹಲಗೆಯ ವಿಷಯ ಚಂದ್ರಮತಿಯೇ ಕೇಳಿದಳು. ಒರೆಸಿದಿರಾ?

ಸಂದೇಶ ತಲೆ ಕೆರೆದುಕೊಂಡ. ಭಟ್ರು ಒರೆಸು ಅಂತ ಮತ್ತೆ ಹೇಳಲಿಲ್ಲ, ಹೇಳದೆ ಒರೆಸುವ ಅಧಿಕಾರ ನನಗೆಲ್ಲಿದೆ ಅಂದ. ಆದರೆ ಗಿರಾಕಿಗಳಿಗೆ ತಿಂಡಿ ಯಾವುದು ಅಂತ ಗೊತ್ತಾಗಬೇಕಲ್ಲ. ಅವಳು ಬರೆದ ಸಾಲುಗಳ ಕೆಳಗೆ ಒಂದಿಷ್ಟು ಜಾಗ ಉಳಿದಿತ್ತು. ಅಲ್ಲಿ ಅವನು ಸಣ್ಣ ಅಕ್ಷರದಲ್ಲಿ ಸೇರಿಸಿದ್ದ: ಗೋಳಿಬಜೆ, ಮೆಂತ್ಯ ದೋಸೆ.